ಗ್ರಹಯಾನಕ್ಕೆ ಯಾವ ರಾಕೆಟ್? ಸರ್ಕಾರದ್ದೋ, ಬಾಡಿಗೆಯದೋ?

ತಯಾರಾದ ಸರಕನ್ನು ಗಿರಾಕಿಗೆ ಮುಟ್ಟಿಸಲು ಸ್ವಂತ ಲಾರಿ ಇಟ್ಟುಕೊಳ್ಳಬೇಕೇ ಅಥವಾ ಟ್ರಾನ್ಸ್‌ಪೋರ್ಟ್ ಕಂಪನಿಗೆ ಒಪ್ಪಿಸಬೇಕೇ ಎಂಬ ಪ್ರಶ್ನೆ ಪ್ರತಿಯೊಬ್ಬ ಉತ್ಪಾದಕನಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಸ್ವಂತ ಲಾರಿಯಾದರೆ ಹತೋಟಿ ತನ್ನ ಕೈಯಲ್ಲಿರುತ್ತದೆ. ಆದರೆ ಅದು ಓಡಲಿ, ನಿಲ್ಲಲಿ, ಚಾಲಕನ ಸಂಬಳ ಮತ್ತು ವಿಮೆಯ ಕಂತು ತಪ್ಪುವುದಿಲ್ಲ. ಬಾಡಿಗೆ ಲಾರಿಯಾದರೆ ಖರ್ಚು ಕಡಿಮೆ. ಆದರೆ ಅದು ಹೇಳಿದ ದಿನ ಬರುವುದೆಂಬ ಭರವಸೆ ಬೇಕು.

ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಇದೇ ಪ್ರಶ್ನೆಯನ್ನು ಹಲವು ವರ್ಷಗಳ ಕಾಲ ಎದುರಿಸಬೇಕಾಯಿತು. ಸಾಗಿಸಬೇಕಾಗಿದ್ದ ಸರಕು ಸುಮಾರು 6 ಟನ್ ತೂಕದ ‘ಯುರೋಪಾ ಕ್ಲಿಪ್ಪರ್’ ಎಂಬ ನೌಕೆ. ತಲುಪಬೇಕಾದ ಸ್ಥಳ ಗುರುಗ್ರಹದ ಚಂದ್ರರಲ್ಲೊಂದಾದ ಯುರೋಪಾದ ನೆರೆ. ಹಿಮದ ಹೊದಿಕೆಯ ಕೆಳಗೆ ಉಪ್ಪುನೀರಿನ ಸಾಗರವಿದೆಯೆಂದು ವಿಜ್ಞಾನಿಗಳು ನಂಬಿರುವ ಆ ಚಂದ್ರನಲ್ಲಿ ಜೀವಿಗಳಿಗೆ ತಕ್ಕ ಪರಿಸ್ಥಿತಿ ಇದೆಯೇ ಎಂಬುದನ್ನು ಅರಿಯುವುದು ಈ ಯಾನದ ಉದ್ದೇಶ. ಒಟ್ಟು ಸುಮಾರು 520 ಕೋಟಿ ಡಾಲರ್ ವೆಚ್ಚದ ಈ ಯೋಜನೆಗೆ ವಾಹನವನ್ನು ಆರಿಸಿದ ಬಗೆಯು ವ್ಯಾಪಾರದ ದೃಷ್ಟಿಯಿಂದಲೂ ಗಮನಿಸತಕ್ಕದ್ದಾಗಿದೆ.

ಎರಡು ಬಗೆಯ ವಾಹನಗಳು

ಸರ್ಕಾರದ ರಾಕೆಟ್ ಎಂದಾಕ್ಷಣ ಅದನ್ನು ಸರ್ಕಾರವೇ ತನ್ನ ಕಾರ್ಖಾನೆಯಲ್ಲಿ ತಯಾರಿಸುತ್ತದೆಯೆಂದು ಭಾವಿಸಬೇಕಾಗಿಲ್ಲ. ನಾಸಾದ ‘ಸ್ಪೇಸ್ ಲಾಂಚ್ ಸಿಸ್ಟಮ್’, ಅಂದರೆ ಎಸ್.ಎಲ್.ಎಸ್. ರಾಕೆಟ್ಟಿನ ನಡುಭಾಗವನ್ನು ಬೋಯಿಂಗ್ ಕಂಪನಿಯೂ, ಪಕ್ಕದ ಘನ ಇಂಧನದ ಬೂಸ್ಟರುಗಳನ್ನು ನಾರ್ತ್‌ರಾಪ್ ಗ್ರಮನ್ ಕಂಪನಿಯೂ ತಯಾರಿಸುತ್ತವೆ. ವ್ಯತ್ಯಾಸವಿರುವುದು ಒಡೆತನದಲ್ಲಿ ಮತ್ತು ಹಣ ಪಾವತಿಯ ಕ್ರಮದಲ್ಲಿ. ಎಸ್.ಎಲ್.ಎಸ್. ವಿನ್ಯಾಸದ ಹೊಣೆ ಮತ್ತು ಒಡೆತನ ನಾಸಾದ್ದು. ಅದರ ಮುಖ್ಯ ಗುತ್ತಿಗೆಗಳಲ್ಲಿ ಆದ ಖರ್ಚನ್ನು ಭರಿಸಿ, ಅದರ ಮೇಲೆ ಗುತ್ತಿಗೆದಾರರಿಗೆ ಸಂಭಾವನೆ ನೀಡುವ ಪದ್ಧತಿಯಿದೆ. ಕೆಲಸ ತಡವಾದರೆ ಹೆಚ್ಚುವ ಖರ್ಚಿನ ಬಹುಪಾಲು ಸರ್ಕಾರದ ತಲೆಗೇ ಬರುತ್ತದೆ.

ವಾಣಿಜ್ಯ ರಾಕೆಟ್ಟಿನ ವಿಷಯದಲ್ಲಿ ನಾಸಾ ಕೊಳ್ಳುವುದು ವಾಹನವನ್ನಲ್ಲ, ಸಾಗಣೆಯ ಸೇವೆಯನ್ನು. ಬೆಲೆ ಮೊದಲೇ ನಿಗದಿಯಾಗಿರುತ್ತದೆ. ಅದೇ ರಾಕೆಟ್ಟನ್ನು ಕಂಪನಿಯು ಇತರ ಗ್ರಾಹಕರಿಗೂ ಮಾರುವುದರಿಂದ ಕಾರ್ಖಾನೆಯ ಸ್ಥಿರ ವೆಚ್ಚವು ಹಲವರಲ್ಲಿ ಹಂಚಿಹೋಗುತ್ತದೆ. ಈ ಪದ್ಧತಿ ಹೊಸದೇನೂ ಅಲ್ಲ. ಉಡಾವಣಾ ಸೇವೆಯನ್ನು ಖಾಸಗಿಯವರಿಂದ ಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ 1990ರಲ್ಲಿಯೇ ಬಂದಿತು. 2006ರಲ್ಲಿ ಪ್ಲೂಟೋದತ್ತ ಹೊರಟ ‘ನ್ಯೂ ಹೊರೈಜನ್ಸ್’ ಮತ್ತು 2011ರಲ್ಲಿ ಮಂಗಳನತ್ತ ಹೊರಟ ‘ಕ್ಯೂರಿಯಾಸಿಟಿ’ ಎರಡೂ ಖಾಸಗಿ ಕಂಪನಿಯು ಒದಗಿಸಿದ ಅಟ್ಲಾಸ್-5 ರಾಕೆಟ್ಟಿನಲ್ಲಿಯೇ ಸಾಗಿದವು.

ಗೆಲಿಲಿಯೋ ಕಲಿಸಿದ ಪಾಠ

ಆ ಕಾನೂನಿನ ಹಿಂದೆ ಕಹಿ ಅನುಭವವೊಂದಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕ ಸರ್ಕಾರವು ತನ್ನೆಲ್ಲ ನೌಕೆಗಳನ್ನೂ ಸ್ಪೇಸ್ ಷಟಲ್ ಎಂಬ ಒಂದೇ ವಾಹನದಲ್ಲಿ ಸಾಗಿಸುವ ನೀತಿಯನ್ನು ಅನುಸರಿಸಿತ್ತು. ಗುರುಗ್ರಹಕ್ಕೆ ಹೋಗಬೇಕಾಗಿದ್ದ ‘ಗೆಲಿಲಿಯೋ’ ನೌಕೆಯು 1986ರ ಮೇ ತಿಂಗಳಲ್ಲಿ ಹೊರಡುವುದೆಂದು ನಿಶ್ಚಯವಾಗಿತ್ತು. 1986ರ ಜನವರಿ 28ರಂದು ಚಾಲೆಂಜರ್ ಷಟಲ್ ಸ್ಫೋಟಗೊಂಡು ಏಳು ಮಂದಿ ಯಾತ್ರಿಗಳು ಮಡಿದರು. ಷಟಲ್ ಹಾರಾಟವೆಲ್ಲ ನಿಂತಿತು. ಗೆಲಿಲಿಯೋವನ್ನು ನೇರವಾಗಿ ಗುರುವಿನತ್ತ ತಳ್ಳಬೇಕಾಗಿದ್ದ ದ್ರವ ಇಂಧನದ ‘ಸೆಂಟಾರ್’ ಹಂತವನ್ನು ಮಾನವರಿರುವ ವಾಹನದಲ್ಲಿ ಒಯ್ಯುವುದು ಅಪಾಯಕರವೆಂದು ಕೈಬಿಡಲಾಯಿತು.

ಬದಲಿ ವಾಹನವಿಲ್ಲದ ಗೆಲಿಲಿಯೋ 1989ರ ಅಕ್ಟೋಬರ್ 18ರವರೆಗೆ ಕಾಯಬೇಕಾಯಿತು. ಹೊರಟ ಮೇಲೂ, ಶಕ್ತಿ ಸಾಲದ ಕಾರಣ, ಶುಕ್ರಗ್ರಹವನ್ನು ಒಮ್ಮೆ, ಭೂಮಿಯನ್ನು ಎರಡು ಬಾರಿ ಹಾದು, ಅವುಗಳ ಗುರುತ್ವದಿಂದ ವೇಗ ಗಳಿಸಿ, 1995ರ ಡಿಸೆಂಬರಿನಲ್ಲಿ ಗುರಿ ಮುಟ್ಟಿತು. ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿತ್ತು. 1991ರ ಏಪ್ರಿಲಿನಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳಬೇಕಾಗಿದ್ದ ಮುಖ್ಯ ಆಂಟೆನಾ ಪೂರ್ತಿಯಾಗಿ ಬಿಚ್ಚಿಕೊಳ್ಳಲಿಲ್ಲ. ಕಾಯುವ ಅವಧಿಯಲ್ಲಿ ನೌಕೆಯನ್ನು ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾಗಳ ನಡುವೆ ಲಾರಿಯಲ್ಲಿ ಅತ್ತಿತ್ತ ಸಾಗಿಸಿದ್ದರಿಂದ ಅದರ ಕಡ್ಡಿಗಳ ಒಣ ಲೇಪನವು ಸವೆದುಹೋದುದೇ ಇದಕ್ಕೆ ಕಾರಣವಿರಬೇಕೆಂದು ತಜ್ಞರು ಊಹಿಸಿದರು. ಕೊನೆಗೆ ಚಿಕ್ಕ ಆಂಟೆನಾದ ಮೂಲಕ ಬಹು ನಿಧಾನವಾಗಿ ಮಾಹಿತಿ ತರಿಸಿಕೊಳ್ಳಬೇಕಾಯಿತು. ಗೋದಾಮಿನಲ್ಲಿ ಉಳಿದ ಸರಕು ಬಾಡಿಗೆಯನ್ನಷ್ಟೇ ತಿನ್ನುವುದಿಲ್ಲ, ತಾನೂ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕಾನೂನೇ ಗೊತ್ತುಪಡಿಸಿದ ರಾಕೆಟ್

ಇಷ್ಟಾದರೂ ಯುರೋಪಾ ಕ್ಲಿಪ್ಪರ್ ವಿಷಯದಲ್ಲಿ ಚಕ್ರ ಹಿಂದಕ್ಕೆ ತಿರುಗಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ 2015ರ ಡಿಸೆಂಬರಿನ ಧನವಿನಿಯೋಗ ಕಾಯಿದೆಯಲ್ಲಿ ಈ ನೌಕೆಯು ಎಸ್.ಎಲ್.ಎಸ್. ರಾಕೆಟ್ಟಿನಲ್ಲಿಯೇ ಹೊರಡಬೇಕೆಂದು ವಿಧಿಸಿತು. ನಾಸಾದ ಅನುದಾನವನ್ನು ಪರಿಶೀಲಿಸುವ ಉಪಸಮಿತಿಯ ಅಧ್ಯಕ್ಷರಾಗಿದ್ದ ಟೆಕ್ಸಾಸಿನ ಸದಸ್ಯ ಜಾನ್ ಕಲ್ಬರ್‌ಸನ್ ಈ ಯಾನದ ಪ್ರಬಲ ಬೆಂಬಲಿಗರಾಗಿದ್ದರು.

ಈ ನಿರ್ಧಾರ ಕೇವಲ ರಾಜಕೀಯವೆಂದು ತಳ್ಳಿಹಾಕುವಂತಿರಲಿಲ್ಲ. ಬಲಿಷ್ಠವಾದ ಎಸ್.ಎಲ್.ಎಸ್. ನೌಕೆಯನ್ನು ನೇರವಾಗಿ ಗುರುವಿನತ್ತ ಎಸೆಯಬಲ್ಲದು. ಪಯಣ ಮೂರು ವರ್ಷಕ್ಕೂ ಕಡಿಮೆ. ಬೇರೆ ರಾಕೆಟ್ಟುಗಳಲ್ಲಿ ಹೊರಟರೆ ನಡುವೆ ಗ್ರಹಗಳ ಗುರುತ್ವದ ನೆರವು ಪಡೆಯುತ್ತ ಐದಾರು ವರ್ಷ ಸುತ್ತಬೇಕು. ಅಷ್ಟು ವರ್ಷವೂ ನಿಯಂತ್ರಣ ಕೇಂದ್ರದ ಸಿಬ್ಬಂದಿಗೆ ಸಂಬಳ ಕೊಡಬೇಕು. ಶುಕ್ರನ ಬಳಿ ಹಾದುಹೋಗುವ ದಾರಿಯಾದರೆ ಬಿಸಿಲಿನ ತಾಪಕ್ಕೆ ಪ್ರತ್ಯೇಕ ರಕ್ಷಣೆಯೂ ಬೇಕು. ಆದ್ದರಿಂದ ಬೇಗ ತಲುಪುವ ವಾಹನಕ್ಕೆ ಸ್ವಲ್ಪ ಹೆಚ್ಚು ಬಾಡಿಗೆ ಕೊಡುವುದರಲ್ಲಿ ಅರ್ಥವಿತ್ತು. ಪ್ರಶ್ನೆಯಿದ್ದುದು ಎಷ್ಟು ಹೆಚ್ಚು ಎಂಬುದರಲ್ಲಿ.

ಬೆಲೆಯ ಲೆಕ್ಕ, ಕಾಯುವಿಕೆಯ ಲೆಕ್ಕ

ನಾಸಾದ ಖರ್ಚುವೆಚ್ಚ ಮತ್ತು ಆಡಳಿತವನ್ನು ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಅವರು 2019ರ ಆಗಸ್ಟಿನಲ್ಲಿ ಕಾಂಗ್ರೆಸ್ಸಿಗೆ ಪತ್ರ ಬರೆದು ಈ ಲೆಕ್ಕವನ್ನು ಬಿಡಿಸಿಟ್ಟರು. ಎಸ್.ಎಲ್.ಎಸ್. ಉಡಾವಣೆಗೆ 87.6 ಕೋಟಿ ಡಾಲರ್ ತಗಲಿದರೆ, ಖಾಸಗಿ ಕಂಪನಿಗಳ ಫಾಲ್ಕನ್ ಹೆವಿ ಅಥವಾ ಡೆಲ್ಟಾ-4 ಹೆವಿ ರಾಕೆಟ್ಟಿಗೆ ಸುಮಾರು 45 ಕೋಟಿ ಡಾಲರ್ ತಗಲಬಹುದೆಂಬ ಅಂದಾಜು ಅದರಲ್ಲಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಶ್ವೇತಭವನದ ಆಯವ್ಯಯ ಕಚೇರಿಯು ಒಂದು ಎಸ್.ಎಲ್.ಎಸ್. ಉಡಾವಣೆಯ ವೆಚ್ಚ 200 ಕೋಟಿ ಡಾಲರಿಗೂ ಹೆಚ್ಚೆಂದು ತಿಳಿಸಿತು. ವರ್ಷಕ್ಕೆ ಒಂದು ಕೂಡ ಹಾರದ ರಾಕೆಟ್ಟಿನ ಬೆಲೆಯು, ಸ್ಥಿರ ವೆಚ್ಚವನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಸೇರಿಸಲಾಯಿತು ಎಂಬುದರ ಮೇಲೆ ಹೀಗೆ ಬಹಳ ಏರಿಳಿಯುತ್ತದೆ.

ಆದರೆ ಆ ಪತ್ರದ ತಿರುಳು ಬೆಲೆಯಲ್ಲಿರದೆ ಲಭ್ಯತೆಯಲ್ಲಿತ್ತು. ಮೊದಲ ಮೂರು ಎಸ್.ಎಲ್.ಎಸ್. ರಾಕೆಟ್ಟುಗಳು ಚಂದ್ರನಿಗೆ ಮಾನವರನ್ನು ಕಳುಹಿಸುವ ಆರ್ಟೆಮಿಸ್ ಯೋಜನೆಗೆ ಮೀಸಲಾಗಿದ್ದವು. ನೌಕೆ 2023ರಲ್ಲಿ ಸಿದ್ಧವಾಗುವ ನಿರೀಕ್ಷೆಯಿದ್ದರೂ ಅದಕ್ಕೆ ರಾಕೆಟ್ ದೊರೆಯುವುದು 2025ಕ್ಕೆ ಮೊದಲಂತೂ ಅಲ್ಲ. ಅಲ್ಲಿಯವರೆಗೆ ನೌಕೆಯನ್ನು ಕಾದಿರಿಸಿ, ತಂಡವನ್ನು ಉಳಿಸಿಕೊಳ್ಳಲು ತಿಂಗಳಿಗೆ 30ರಿಂದ 50 ಲಕ್ಷ ಡಾಲರ್ ಬೇಕಾಗುತ್ತಿತ್ತು. ಬೇಗ ತಲುಪುವ ವಾಹನವು ತಡವಾಗಿ ಬರುವುದಾದರೆ ಅದರ ವೇಗದಿಂದ ಲಾಭವೇನು?

ಈ ನಡುವೆ ಮತ್ತೊಂದು ತೊಡಕು ಕಾಣಿಸಿಕೊಂಡಿತು. ಏರುವಾಗ ಎಸ್.ಎಲ್.ಎಸ್. ಉಂಟುಮಾಡುವ ತಿರುಚುವಿಕೆಯ ಕಂಪನವನ್ನು ನೌಕೆ ತಾಳಲಾರದೆಂಬ ಶಂಕೆ ಮೂಡಿತು. ಅದನ್ನು ನಿವಾರಿಸಲು ಸುಮಾರು 100 ಕೋಟಿ ಡಾಲರ್ ಹೆಚ್ಚುವರಿಯಾಗಿ ಬೇಕಾದೀತೆಂಬ ಅಂದಾಜೂ ಹೊರಬಂದಿತು. 2020ರ ಡಿಸೆಂಬರಿನಲ್ಲಿ ಕಾಂಗ್ರೆಸ್ ತನ್ನ ಕಟ್ಟಳೆಯನ್ನು ಸಡಿಲಿಸಿ, ರಾಕೆಟ್ ಲಭ್ಯವಿದ್ದು ನೌಕೆಗೆ ಹೊಂದಿಕೆಯಾದರೆ ಮಾತ್ರ ಎಸ್.ಎಲ್.ಎಸ್. ಬಳಸಬೇಕೆಂದಿತು. 2021ರ ಆರಂಭದಲ್ಲಿ ನಾಸಾ ವಾಣಿಜ್ಯ ರಾಕೆಟ್ಟಿನತ್ತ ತಿರುಗಿತು. ಅದೇ ವರ್ಷದ ಜುಲೈ 23ರಂದು ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ ಹೆವಿಯನ್ನು ಆರಿಸಿದ್ದಾಗಿ ಪ್ರಕಟಿಸಿತು. ಗುತ್ತಿಗೆಯ ಮೊತ್ತ ಸುಮಾರು 17.8 ಕೋಟಿ ಡಾಲರ್, ಅಂದರೆ ಹಿಂದೆ ಅಂದಾಜು ಮಾಡಿದ್ದ 45 ಕೋಟಿಯ ಅರ್ಧಕ್ಕಿಂತಲೂ ಕಡಿಮೆ.

ಈ ತಿರುವು ಸಾಧ್ಯವಾದುದಕ್ಕೆ ಒಂದು ಕಾರಣವನ್ನು ಮರೆಯುವಂತಿಲ್ಲ. ಕಾನೂನು ಎಸ್.ಎಲ್.ಎಸ್. ಎಂದು ಹೇಳುತ್ತಿದ್ದ ವರ್ಷಗಳಲ್ಲಿಯೂ ವಿನ್ಯಾಸಕಾರರು ನೌಕೆಯನ್ನು ಒಂದಕ್ಕಿಂತ ಹೆಚ್ಚು ರಾಕೆಟ್ಟಿಗೆ ಹೊಂದುವಂತೆ ರೂಪಿಸುತ್ತ ಬಂದಿದ್ದರು. ಇದಕ್ಕೆ ಶ್ರಮವೂ ಹಣವೂ ತಗಲಿದವು. ಆದರೆ ಬಾಗಿಲು ತೆರೆದೇ ಉಳಿಯಿತು.

2024ರ ಅಕ್ಟೋಬರ್ 14ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಕ್ಲಿಪ್ಪರ್ ಮೇಲೇರಿತು. ಸಾಮಾನ್ಯವಾಗಿ ಮರಳಿ ಇಳಿಸಿ ಪುನಃ ಬಳಸುವ ಬೂಸ್ಟರುಗಳನ್ನು ಈ ಬಾರಿ ಉಳಿಸಿಕೊಳ್ಳದೆ, ಇಂಧನದ ಶಕ್ತಿಯನ್ನೆಲ್ಲ ನೌಕೆಗೇ ಧಾರೆಯೆರೆಯಲಾಯಿತು. 2025ರ ಮಾರ್ಚ್ 1ರಂದು ಅದು ಮಂಗಳನ ಗುರುತ್ವದ ನೆರವು ಪಡೆಯಿತು. 2026ರ ಡಿಸೆಂಬರಿನಲ್ಲಿ ಭೂಮಿಯನ್ನು ಹಾದು, 2030ರ ಏಪ್ರಿಲಿನಲ್ಲಿ ಗುರುವನ್ನು ಸೇರುವುದು ಅದರ ಕಾರ್ಯಕ್ರಮ. ಅದು ಹೊರಟ ದಿನದವರೆಗೆ ಎಸ್.ಎಲ್.ಎಸ್. ಹಾರಿದ್ದು ಒಂದೇ ಬಾರಿ, 2022ರ ನವೆಂಬರ್ 16ರಂದು.

ಬಾಡಿಗೆ ವಾಹನವೂ ಕಾಯಿಸೀತು

ಹಾಗೆಂದು ಖಾಸಗಿ ರಾಕೆಟ್ ಸರ್ವರೋಗಕ್ಕೂ ಮದ್ದಲ್ಲ. ಮಂಗಳನ ಅಧ್ಯಯನಕ್ಕಾಗಿ ರೂಪಿಸಿದ ‘ಎಸ್ಕಪೇಡ್’ ಎಂಬ ಎರಡು ಪುಟ್ಟ ನೌಕೆಗಳನ್ನು ಸಾಗಿಸಲು ನಾಸಾ 2023ರಲ್ಲಿ ಬ್ಲೂ ಒರಿಜಿನ್ ಕಂಪನಿಗೆ ಸುಮಾರು 2 ಕೋಟಿ ಡಾಲರಿನ ಗುತ್ತಿಗೆ ನೀಡಿತು. ಆ ಕಂಪನಿಯ ‘ನ್ಯೂ ಗ್ಲೆನ್’ ರಾಕೆಟ್ ಆಗಿನ್ನೂ ಒಮ್ಮೆಯೂ ಹಾರಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಹೊರಡಬೇಕಾಗಿದ್ದ ಯಾನವು ರಾಕೆಟ್ ಸಿದ್ಧವಾಗುವ ಖಾತ್ರಿಯಿಲ್ಲದೆ ಮುಂದಕ್ಕೆ ಹೋಯಿತು. ಮಂಗಳನತ್ತ ನೇರ ಹಾದಿ ತೆರೆಯುವುದು ಸುಮಾರು 26 ತಿಂಗಳಿಗೊಮ್ಮೆ. ಕೊನೆಗೆ 2025ರ ನವೆಂಬರ್ 13ರಂದು ಆ ರಾಕೆಟ್ಟಿನ ಎರಡನೆಯ ಹಾರಾಟದಲ್ಲಿ ನೌಕೆಗಳು ಹೊರಟವು. ಮುಂದಿನ ಹಾದಿ ತೆರೆಯುವವರೆಗೆ ಬಾಹ್ಯಾಕಾಶದಲ್ಲಿಯೇ ಕಾದಿದ್ದು, 2027ರಲ್ಲಿ ಮಂಗಳನನ್ನು ತಲುಪುವಂತೆ ಅವುಗಳ ಮಾರ್ಗವನ್ನು ಮಾರ್ಪಡಿಸಲಾಯಿತು.

ಇದನ್ನು ತಪ್ಪು ಆಯ್ಕೆ ಎನ್ನಲಾಗದು. ನಾಸಾ ತನ್ನ ಯಾನಗಳನ್ನು ಬೆಲೆ ಮತ್ತು ಮಹತ್ವಕ್ಕೆ ತಕ್ಕಂತೆ ವರ್ಗೀಕರಿಸುತ್ತದೆ. ಎಸ್ಕಪೇಡಿನಂತಹ ಅಗ್ಗದ ಯಾನಕ್ಕೆ ಹೊಸ ರಾಕೆಟ್ಟಿನ ಅಪಾಯವನ್ನು ಒಪ್ಪಬಹುದು. ಕ್ಲಿಪ್ಪರಿನಂತಹ ಯಾನಕ್ಕೆ ಹಲವು ಬಾರಿ ಹಾರಿ, ಪರಿಶೀಲನೆಗೆ ಒಳಪಟ್ಟ ರಾಕೆಟ್ಟೇ ಬೇಕು. ಆದರೆ ಅಂಥ ಭಾರಿ ರಾಕೆಟ್ ಒದಗಿಸುವವರ ಸಂಖ್ಯೆ ಕುಗ್ಗುತ್ತಿದೆಯೆಂಬುದೂ ನಿಜ. ಡೆಲ್ಟಾ-4 ಹೆವಿ 2024ರ ಏಪ್ರಿಲಿನಲ್ಲಿ ಕೊನೆಯ ಬಾರಿ ಹಾರಿ ನಿವೃತ್ತವಾಯಿತು. ಸರ್ಕಾರದ ಒಂದೇ ರಾಕೆಟ್ಟನ್ನು ನೆಚ್ಚಿ ಕೆಟ್ಟವರು ಖಾಸಗಿಯವರ ಒಂದೇ ರಾಕೆಟ್ಟನ್ನು ನೆಚ್ಚಿದರೂ ಕಷ್ಟ ತಪ್ಪಿದ್ದಲ್ಲ.

ನಮ್ಮ ದೇಶದ ಎರಡು ನಿದರ್ಶನಗಳು

ಇಂತಹ ಆಯ್ಕೆಯನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಕೂಡ ಮಾಡಬೇಕಾಗಿ ಬಂದಿತು. ಹೆಚ್ಚು ಸಾಮರ್ಥ್ಯದ ಜಿ.ಎಸ್.ಎಲ್.ವಿ. 2010ರಲ್ಲಿ ಎರಡು ಬಾರಿ ವಿಫಲವಾಗಿದ್ದುದರಿಂದ, ಮಂಗಳಯಾನಕ್ಕೆ ನೆಚ್ಚಿಕೆಯ ಪಿ.ಎಸ್.ಎಲ್.ವಿ.ಯನ್ನೇ ಬಳಸಲಾಯಿತು. ಅದಕ್ಕೆ ನೌಕೆಯನ್ನು ನೇರವಾಗಿ ಮಂಗಳನತ್ತ ಕಳುಹಿಸುವ ಶಕ್ತಿಯಿರಲಿಲ್ಲ. 2013ರ ನವೆಂಬರ್ 5ರಂದು ಹೊರಟ ನೌಕೆಯು ಭೂಮಿಯ ಸುತ್ತಲೇ ಹಲವು ಬಾರಿ ತನ್ನ ಎಂಜಿನ್ ಉರಿಸಿ, ಕಕ್ಷೆಯನ್ನು ಹಿಗ್ಗಿಸಿಕೊಂಡು, 2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸೇರಿತು. ಯೋಜನೆಯ ವೆಚ್ಚ ಸುಮಾರು 450 ಕೋಟಿ ರೂಪಾಯಿ.

ಗ್ರಹಯಾನವಲ್ಲದಿದ್ದರೂ ಎರಡನೆಯ ನಿದರ್ಶನವೂ ಬೋಧಪ್ರದವಾಗಿದೆ. 4,700 ಕಿಲೋಗ್ರಾಂ ತೂಕದ ಸಂಪರ್ಕ ಉಪಗ್ರಹ ಜಿಸ್ಯಾಟ್-ಎನ್2 ನಮ್ಮ ಅತಿ ಬಲಿಷ್ಠ ರಾಕೆಟ್ಟಿನ ಸಾಮರ್ಥ್ಯವನ್ನು ಮೀರಿತ್ತು. ಇಸ್ರೋದ ವಾಣಿಜ್ಯ ಅಂಗವಾದ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ 2024ರ ನವೆಂಬರಿನಲ್ಲಿ ಅದನ್ನು ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟಿನಲ್ಲಿ ಕಳುಹಿಸಿತು. ಅಮೆರಿಕದ ನೆಲದಿಂದ ಮೇಲೇರಿದ ಉಪಗ್ರಹದ ನಿಯಂತ್ರಣವನ್ನು ಹಾಸನದ ಕೇಂದ್ರ ವಹಿಸಿಕೊಂಡಿತು. ಸ್ವಂತ ವಾಹನವಿರುವ ಸಂಸ್ಥೆಯೂ ಅಗತ್ಯ ಬಿದ್ದಾಗ ಬಾಡಿಗೆಗೆ ಹೋಗುವುದರಲ್ಲಿ ಕೀಳರಿಮೆ ಪಡಬೇಕಾಗಿಲ್ಲ.

ಈ ಎಲ್ಲ ಪ್ರಸಂಗಗಳಲ್ಲಿ ಎದ್ದು ಕಾಣುವ ಸಂಗತಿಯೊಂದಿದೆ. ದರಪಟ್ಟಿಯಲ್ಲಿ ಬರೆದ ಬೆಲೆಯು ಪೂರ್ಣ ಬೆಲೆಯಲ್ಲ. ಕಾಯುವ ಪ್ರತಿಯೊಂದು ತಿಂಗಳ ಖರ್ಚು, ತಡವಾದರೆ ಅದನ್ನು ಭರಿಸುವವರು ಯಾರೆಂಬ ಕರಾರು, ಸರಕು ಆ ವಾಹನದ ಕುಲುಕಾಟವನ್ನು ತಾಳೀತೇ ಎಂಬ ಪರೀಕ್ಷೆ, ಇವು ಮೂರೂ ಸೇರಿದಾಗಲೇ ಸಾಗಣೆಯ ನಿಜವಾದ ಬೆಲೆ ತಿಳಿಯುತ್ತದೆ. ಗೆಲಿಲಿಯೋಗೆ ಎರಡನೆಯ ವಾಹನವಿರಲಿಲ್ಲ, ಕ್ಲಿಪ್ಪರಿಗೆ ಇತ್ತು. ಸರ್ಕಾರದ್ದೋ ಖಾಸಗಿಯದೋ ಎಂಬುದಕ್ಕಿಂತ ಈ ವ್ಯತ್ಯಾಸವೇ ದೊಡ್ಡದು.