ಐತಿಹಾಸಿಕ ಕಾದಂಬರಿ ಮತ್ತು ಆಕ್ರಮಣವನ್ನೆದುರಿಸಿದ ಸ್ತ್ರೀ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನೇರುವ ಯಾತ್ರಿಕರು ಗಂಗಾಧರೇಶ್ವರ, ಹೊನ್ನಾದೇವಿಯರ ದರ್ಶನವನ್ನು ಪಡೆದು, ಒಳಕಲ್ಲ ತೀರ್ಥದ ನೀರನ್ನು ಮುಟ್ಟಿ, ಬಂಡೆಯಲ್ಲಿ ಕಡೆದ ಮೆಟ್ಟಿಲುಗಳ ಮೂಲಕ ಶಿಖರವನ್ನು ಸೇರುತ್ತಾರೆ. ಅಲ್ಲಿ ಕಡಿದಾದ ಒಂದು ಸ್ಥಳವನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯು ಇಲ್ಲಿಂದಲೇ ದೇಹತ್ಯಾಗ ಮಾಡಿದಳೆಂದು ಜನರು ಹೇಳುವುದುಂಟು. ಶ್ರವಣಬೆಳಗೊಳದ ಶಾಸನವಾದರೋ ಇಷ್ಟು ದೂರ ಹೋಗುವುದಿಲ್ಲ. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆಯ ಅವಸಾನವಾಯಿತೆಂದೂ, ಮಗಳ ಅಗಲಿಕೆಯನ್ನು ಸಹಿಸಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸನ್ಯಸನವನ್ನು ಕೈಕೊಂಡು ಮುಡಿಪಿದಳೆಂದೂ ಅದು ತಿಳಿಸುತ್ತದೆ. ಶಾಂತಲೆಯ ಮರಣ ಹೇಗಾಯಿತು, ಏಕಾಯಿತು ಎಂಬ ಪ್ರಶ್ನೆಗೆ ಕಲ್ಲು ಮೌನವಾಗಿದೆ.

ಆ ಮೌನಕ್ಕೂ ಶಿಖರದ ಐತಿಹ್ಯಕ್ಕೂ ನಡುವೆ ಇರುವ ಎಡೆಯೇ ಐತಿಹಾಸಿಕ ಕಾದಂಬರಿಕಾರನ ಕ್ಷೇತ್ರ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾವ್ ಅವರ ಬೃಹತ್ ಕಾದಂಬರಿ ‘ಪಟ್ಟಮಹಾದೇವಿ ಶಾಂತಲಾದೇವಿ’ (1978) ಇವೆರಡೂ ಹುಟ್ಟಿದುದು ಇಂತಹ ಎಡೆಯಲ್ಲಿ. ಇವುಗಳ ಹಿನ್ನೆಲೆಯಲ್ಲಿರುವ ಯುಗವೂ ಸಾಮಾನ್ಯವಾದುದಲ್ಲ. ಗಂಗವಾಡಿಯು ಒಂದು ಶತಮಾನಕ್ಕೂ ಮೀರಿ ಚೋಳರ ಕೈಯಲ್ಲಿದ್ದು, 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ನೆನಿಸಿದ ಕಾಲವದು. ನೂರು ವರ್ಷ ಪರರ ಆಳ್ವಿಕೆಯಲ್ಲಿದ್ದ ನಾಡಿನ ಹೆಣ್ಣುಮಕ್ಕಳು ಹೇಗೆ ಬಾಳಿದರು, ಯಾವುದನ್ನು ಬಿಟ್ಟುಕೊಟ್ಟರು, ಯಾವುದನ್ನು ಬಿಟ್ಟುಕೊಡಲಿಲ್ಲ? ಅರಮನೆಯ ಕಥೆಯನ್ನು ಹೇಳುವಾಗಲೂ ಕಾದಂಬರಿಯು ಉತ್ತರಿಸಬೇಕಾದ ಪ್ರಶ್ನೆ ಇದು. ಕನ್ನಡದ ಐತಿಹಾಸಿಕ ಕಥನವು ಇದಕ್ಕೆ ಎಷ್ಟರಮಟ್ಟಿಗೆ ಉತ್ತರ ಕೊಟ್ಟಿದೆ ಎಂಬುದನ್ನು ವಿವೇಚಿಸುವುದು ಉಚಿತವಾಗಿದೆ.

ಮೊದಲಿಗೆ ಒಂದು ಭೇದವನ್ನು ಗುರುತಿಸಬೇಕು. ಆಕ್ರಮಣವನ್ನು ಎದುರಿಸುವುದು ಒಂದು. ಶತ್ರುವು ಗೆದ್ದು ನಾಡಿನಲ್ಲಿ ನೆಲೆಯೂರಿದ ಮೇಲೆ ಅವನಿಗೆ ಮನಸ್ಸನ್ನೊಪ್ಪಿಸದೆ ಬಾಳುವುದು ಇನ್ನೊಂದು. ಮೊದಲನೆಯದು ಕೋಟೆಯ ಬಾಗಿಲಲ್ಲಿ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಎರಡನೆಯದು ಮನೆಯ ಒಳಗೆ ವರ್ಷಗಟ್ಟಲೆ ನಡೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಿದ್ದಾಗ, 1942ರಲ್ಲಿ, ವೆರ್ಕೋರ್ ಎಂಬ ಗುಪ್ತನಾಮದ ಲೇಖಕನು ‘ಸಮುದ್ರದ ಮೌನ’ ಎಂಬ ಕಿರುಕಾದಂಬರಿಯನ್ನು ರಹಸ್ಯವಾಗಿ ಪ್ರಕಟಿಸಿದನು. ತಮ್ಮ ಮನೆಯಲ್ಲಿ ಬಲವಂತವಾಗಿ ಬೀಡುಬಿಟ್ಟ ಜರ್ಮನ್ ಅಧಿಕಾರಿಯೊಡನೆ ಒಬ್ಬ ವೃದ್ಧನೂ ಅವನ ತಮ್ಮನ ಅಥವಾ ಅಕ್ಕನ ಮಗಳಂತಹ ತರುಣಿಯೂ ಮಾತನ್ನೇ ಆಡದಿರುವುದು ಅದರ ವಸ್ತು. ಅಲ್ಲಿ ಕತ್ತಿಯಿಲ್ಲ, ರಕ್ತವಿಲ್ಲ, ಮೌನವೇ ಆಯುಧ. ಕನ್ನಡದಲ್ಲಿ ಮೊದಲನೆಯ ಬಗೆಯ ಕಥನ ಸಮೃದ್ಧವಾಗಿದೆ. ಎರಡನೆಯದಕ್ಕೆ ಸಾಮಗ್ರಿ ಬೇಕಾದಷ್ಟಿದ್ದರೂ ಕೃತಿಗಳು ವಿರಳ.

ಮೊದಲನೆಯ ಬಗೆಗೆ ಚಿತ್ರದುರ್ಗವೇ ನಿದರ್ಶನ. 1779ರಲ್ಲಿ ಆ ದುರ್ಗವು ಹೈದರಾಲಿಯ ವಶವಾದ ದುರಂತವನ್ನು ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ದಲ್ಲಿ ಕಥನಗೊಳಿಸಿದರು. ಆ ದುರ್ಗದ ಹೆಸರಿನೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವವಳು ಓಬವ್ವ. ಗಂಡನು ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಹೋದ ಕಾವಲುಗಾರನ ಮಡದಿ, ಬಂಡೆಯ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದಳೆಂಬುದು ದುರ್ಗದ ಜನರು ಕಾಪಾಡಿಕೊಂಡು ಬಂದ ಐತಿಹ್ಯ. ಈ ಕಥೆಯ ಶಕ್ತಿಯಿರುವುದು ಒನಕೆಯಲ್ಲಿ. ಬತ್ತ ಕುಟ್ಟುವ ಕೈ ಬೇರೊಂದು ಆಯುಧವನ್ನು ಹುಡುಕಲಿಲ್ಲ. ನಿತ್ಯದ ಕಾಯಕದ ಸಾಧನವೇ ಸಮಯಕ್ಕೆ ಒದಗಿತು. ರಾಣಿಯೂ ಅಲ್ಲದ, ಶಾಸನದಲ್ಲಿ ಹೆಸರೂ ಇಲ್ಲದ ಒಬ್ಬಳನ್ನು ಜನರ ಬಾಯಿ ಉಳಿಸಿಕೊಂಡಿತೆಂಬುದು ಸಾಮಾನ್ಯ ಸಂಗತಿಯಲ್ಲ. 1972ರ ‘ನಾಗರಹಾವು’ ಚಲನಚಿತ್ರವು ಆ ಹೆಸರನ್ನು ನಾಡಿನ ಮೂಲೆಮೂಲೆಗೂ ಮುಟ್ಟಿಸಿತು. ಆದರೆ ದುರ್ಗವು ಬಿದ್ದ ಮರುದಿನ ಅದೇ ಕೋಟೆಯ ಒಳಗೆ ಒಲೆ ಹೊತ್ತಿಸಬೇಕಾಗಿದ್ದ ಉಳಿದ ಸ್ತ್ರೀಯರು ಕಥನದ ಅಂಚಿನಲ್ಲಿಯೇ ಉಳಿದಿದ್ದಾರೆ.

ಕೆಳದಿಯ ಚೆನ್ನಮ್ಮಾಜಿಯ ಪ್ರಸಂಗ ಇದಕ್ಕಿಂತ ಭಿನ್ನವಾದುದು. ಪತಿ ಸೋಮಶೇಖರ ನಾಯಕನ ತರುವಾಯ ಸುಮಾರು ಇಪ್ಪತ್ತೈದು ವರ್ಷ, 17ನೆಯ ಶತಮಾನದ ಕೊನೆಯವರೆಗೆ, ಈಕೆ ರಾಜ್ಯವನ್ನಾಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೋಗುವಾಗ ಕೆಳದಿಯ ಸೀಮೆಯಲ್ಲಿ ಆಶ್ರಯ ಬೇಡಿದನು. ಆಶ್ರಯ ಕೊಟ್ಟರೆ ಮೊಗಲ ಸೈನ್ಯವನ್ನು ಮೈಮೇಲೆ ಎಳೆದುಕೊಂಡಂತೆ ಎಂಬುದನ್ನು ಅರಿತಿದ್ದೂ ಆಕೆ ಕೊಟ್ಟಳು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಇದನ್ನು ವಿಜಯವಾಗಿ ವರ್ಣಿಸುತ್ತದೆ, ಮೊಗಲ ಪಕ್ಷದ ಬರಹಗಳು ಅಲ್ಪ ದಂಡವನ್ನು ಪಡೆದು ಸೈನ್ಯ ಹಿಂದಿರುಗಿತೆಂದು ಹೇಳುತ್ತವೆ. ಕಾದಂಬರಿಕಾರನು ಇವೆರಡರಲ್ಲಿ ಒಂದನ್ನು ಮುಚ್ಚಿಡಬೇಕಾಗಿಲ್ಲ. ದಂಡವನ್ನು ಕೊಟ್ಟಿದ್ದರೂ ಕೊಟ್ಟಿರಬಹುದು. ಶರಣು ಬಂದವನನ್ನು ಮಾತ್ರ ಕೊಡಲಿಲ್ಲ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡಲಾಗದು ಎಂಬ ಈ ವಿವೇಕವೇ ಆಕೆಯ ವೀರ್ಯ. ಹತನಾದ ಶತ್ರುಗಳ ಸಂಖ್ಯೆಯನ್ನು ಹೆಚ್ಚಿಸುವ ಲೇಖಕನು ಈ ಸೂಕ್ಷ್ಮವನ್ನು ಕಳೆದುಕೊಳ್ಳುತ್ತಾನೆ.

ಅದೇ ವಂಶದ ಕೊನೆಯ ರಾಣಿ ವೀರಮ್ಮಾಜಿಯ ಕಥೆಯು ಶಿವಗಂಗೆಯ ಆಸುಪಾಸಿಗೆ ಮತ್ತೆ ಕರೆತರುತ್ತದೆ. 1763ರಲ್ಲಿ ಬಿದನೂರನ್ನು ಹಿಡಿದ ಹೈದರನು ಆಕೆಯನ್ನೂ ದತ್ತುಪುತ್ರನನ್ನೂ ಮಧುಗಿರಿಯ ದುರ್ಗದಲ್ಲಿ ಸೆರೆಯಲ್ಲಿಟ್ಟನು. ಶಿವಗಂಗೆಯ ಉತ್ತರಕ್ಕೆ ಹಬ್ಬಿರುವ ಬೆಟ್ಟಸೀಮೆಯಲ್ಲಿರುವ ಆ ಬೃಹತ್ ಏಕಶಿಲೆಯ ಮೇಲೆ ಮಲೆನಾಡಿನ ರಾಣಿಯು ನಾಲ್ಕು ವರ್ಷಗಳ ಕಾಲ ಬಯಲುಸೀಮೆಯ ಬಿಸಿಲನ್ನು ನೋಡುತ್ತ ಕಳೆದಳು. 1767ರಲ್ಲಿ ಮರಾಠರು ಮಧುಗಿರಿಯನ್ನು ಗೆದ್ದಾಗ ಬಿಡುಗಡೆಯಾಯಿತು. ಆದರೆ ಪುಣೆಯ ದಾರಿಯಲ್ಲಿಯೇ ಆಕೆ ತೀರಿಕೊಂಡಳು.

ವೀರಮ್ಮಾಜಿಯ ಹೆಸರಿಗೆ ಅಪವಾದವೊಂದು ಅಂಟಿಕೊಂಡು ಬಂದಿದೆ. ಮಾಸ್ತಿಯವರ ‘ಚೆನ್ನಬಸವ ನಾಯಕ’ ಕಾದಂಬರಿಯೂ ಆಕೆಗೂ ನಿಂಬಯ್ಯನಿಗೂ ಇದ್ದ ಸಂಬಂಧವನ್ನು ರಾಜ್ಯದ ಪತನಕ್ಕೆ ಕಾರಣಗಳಲ್ಲಿ ಒಂದಾಗಿ ಚಿತ್ರಿಸುತ್ತದೆ. ಮಾಸ್ತಿಯವರ ದೃಷ್ಟಿ ನಿಂದೆಯದಲ್ಲ. ಅರಸುಮನೆಯ ಒಳಗಿನ ಬಿರುಕು ಹೊರಗಿನ ಶತ್ರುವಿಗೆ ಬಾಗಿಲಾಗುತ್ತದೆಂಬುದು ಅವರ ದರ್ಶನ. ಕೊಡಗಿನ ಪತನವನ್ನು ವಸ್ತುವಾಗುಳ್ಳ ‘ಚಿಕವೀರ ರಾಜೇಂದ್ರ’ದಲ್ಲಿಯೂ ಇದೇ ದರ್ಶನವಿದೆ, ಅಲ್ಲಿ ಗಂಡನ ಅವಿವೇಕವನ್ನು ಸಹಿಸುತ್ತ ಮನೆತನದ ಮರ್ಯಾದೆಯನ್ನು ಕಾಯುವ ರಾಣಿ ಗೌರಮ್ಮಾಜಿಯು ಓದುಗರ ಗೌರವಕ್ಕೆ ಪಾತ್ರಳಾಗುತ್ತಾಳೆ. ಇಷ್ಟಾದರೂ ಒಂದು ಮಾತನ್ನು ಮರೆಯಲಾಗದು. ಸೋತ ರಾಜನ ಬಗ್ಗೆ ಅವನ ಅದಕ್ಷತೆಯನ್ನು ಹೇಳುವ ಇತಿಹಾಸವು ಸೋತ ರಾಣಿಯ ಬಗ್ಗೆ ಆಕೆಯ ಶೀಲವನ್ನು ಹೇಳುತ್ತದೆ. ಗೆದ್ದವರಿಗೆ ಅನುಕೂಲವಾದ ಮಾತು ಯಾವುದು, ನಡೆದ ಸಂಗತಿ ಯಾವುದು ಎಂಬ ವಿವೇಚನೆ ಇಂತಹ ಕಡೆ ಅತ್ಯಗತ್ಯ. ಮಧುಗಿರಿಯ ಆ ನಾಲ್ಕು ವರ್ಷಗಳನ್ನು ಕೇಂದ್ರವಾಗಿಟ್ಟು ಬರೆಯುವ ಕಾದಂಬರಿಕಾರನಿಗೆ ಅಪವಾದವನ್ನು ಅಲ್ಲಗಳೆಯುವ ಅಥವಾ ಸಮರ್ಥಿಸುವ ಶ್ರಮವೇ ಬೇಕಾಗಲಾರದು. ಸೆರೆಯೇ ಆಕೆಯ ಪರೀಕ್ಷೆಯಾಗಿ ನಿಲ್ಲುತ್ತದೆ.

ಎರಡನೆಯ ಬಗೆಯ ಕಥನಕ್ಕೆ ಪೂರ್ಣ ಸಾಮಗ್ರಿಯನ್ನು ಒದಗಿಸುವುದು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ಮರಣಹೊಂದಲು, ದತ್ತಕವನ್ನು ಕಂಪನಿ ಸರಕಾರ ಮನ್ನಿಸಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಅಧಿಕಾರಿ ಥ್ಯಾಕರೆ ಹತನಾದನು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬಿಬ್ಬರು ಸೆರೆಸಿಕ್ಕರು. ರಾಣಿ ಚೆನ್ನಮ್ಮನ ಕೈಯಲ್ಲಿ ಅವರ ಜೀವಕ್ಕೆ ಅಪಾಯವಾಗಲಿಲ್ಲ. ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿದರು. ಈ ಎಲಿಯಟ್ಟನೇ ಮುಂದೆ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ಆದ್ಯರಲ್ಲಿ ಒಬ್ಬನೆಂದು ವಿದ್ವತ್ ಪ್ರಪಂಚದಲ್ಲಿ ಹೆಸರಾದವನು. ಡಿಸೆಂಬರಿನ ಆರಂಭದಲ್ಲಿಯೇ ಕೋಟೆ ಬಿದ್ದಿತು. ಸೆರೆಯಾಳುಗಳನ್ನು ಉಳಿಸಿದವಳು ತಾನೇ ಸೆರೆಯಾಗಿ ಬೈಲಹೊಂಗಲಕ್ಕೆ ಹೋದಳು. ಸೊಸೆ ವೀರವ್ವನೂ ಸೆರೆಯಾದಳು.

ನಾಟಕ, ಲಾವಣಿ, 1961ರ ಚಲನಚಿತ್ರ ಇವೆಲ್ಲವುಗಳಲ್ಲಿ ಜನಮನವನ್ನು ಸೆಳೆದುದು ಕಪ್ಪವನ್ನು ನಿರಾಕರಿಸುವ, ಕತ್ತಿ ಹಿರಿದ ಚೆನ್ನಮ್ಮ. ಅದು ಸಹಜವೇ. ಆದರೆ ಕಾಳಗ ನಡೆದುದು ಕೆಲವು ದಿನ; ಸೆರೆವಾಸ ನಡೆದುದು ನಾಲ್ಕು ವರ್ಷಕ್ಕೂ ಮೀರಿ. 1829ರ ಫೆಬ್ರವರಿಯಲ್ಲಿ ಆಕೆ ಲಿಂಗೈಕ್ಯಳಾದಳು. ಅದೇ ವರ್ಷದಿಂದ ಸಂಗೊಳ್ಳಿ ರಾಯಣ್ಣನು ಕಂಪನಿಯ ಕಚೇರಿಗಳನ್ನು ಸುಟ್ಟು, ಖಜಾನೆಯನ್ನು ಲೂಟಿಮಾಡಿ ಬಂಡೆದ್ದನು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕಾಡು ಹಿಡಿದು ಹೋರಾಡುವ ದಂಡು ಹಳ್ಳಿಯ ಬೆಂಬಲವಿಲ್ಲದೆ ಒಂದು ವಾರವೂ ಬಾಳಲಾರದು. ರಾತ್ರಿ ಬಾಗಿಲು ತಟ್ಟಿದವರಿಗೆ ರೊಟ್ಟಿ ಬಡಿದು ಕೊಟ್ಟವರಾರು? ಬೆಳಗ್ಗೆ ಸರಕಾರದ ಸಿಪಾಯಿ ಬಂದು ಕೇಳಿದಾಗ ಯಾರನ್ನೂ ಕಂಡಿಲ್ಲವೆಂದು ಮುಖ ನೋಡಿ ನುಡಿದವರಾರು? ದಫ್ತರದಲ್ಲಿ ಇವರ ಹೆಸರುಗಳಿಲ್ಲ. ಹೆಸರಿಲ್ಲದುದರಿಂದಲೇ ಇವರು ಕಾದಂಬರಿಕಾರನ ಪಾಲಿಗೆ ಬಂದವರು. ಇವರ ದಾಸೋಹವು ಪ್ರಾಣದ ಮೇಲಿನ ಪಣವಾಗಿತ್ತು ಎಂಬುದನ್ನು ಅರಿತ ಲೇಖಕನಿಗೆ ಯುದ್ಧವರ್ಣನೆಯ ಹಂಗಿಲ್ಲದೆಯೇ ವೀರರಸ ಸಿದ್ಧಿಸುತ್ತದೆ.

ವಚನಸಾಹಿತ್ಯವನ್ನು ಬಲ್ಲವರಿಗೆ ಇದು ಹೊಸ ಚಿತ್ರವಾಗಿ ತೋರಲಾರದು. ಕಲ್ಯಾಣದ ವಿಪ್ಲವದ ತರುವಾಯ ಶರಣರು ಉಳವಿಯತ್ತ ನಡೆದಾಗ ಬೆನ್ನಟ್ಟಿದ ದಂಡನ್ನು ತಡೆಯುತ್ತ ವಚನಗಳ ಕಟ್ಟುಗಳನ್ನು ಕಾಪಾಡಿದವರಲ್ಲಿ ಅಕ್ಕನಾಗಮ್ಮನು ಅಗ್ರಗಣ್ಯಳೆಂದು ಸಂಪ್ರದಾಯವು ಹೇಳುತ್ತದೆ. ಗಂಗಾಂಬಿಕೆಯ ಐಕ್ಯಸ್ಥಳವೆಂದು ಪೂಜೆಗೊಳ್ಳುವ ತಾಣವು ಮಲಪ್ರಭೆಯ ತಟದಲ್ಲಿ, ಕಿತ್ತೂರಿಗೆ ಸಮೀಪದ ಮುಗುಟಖಾನ ಹುಬ್ಬಳ್ಳಿಯಲ್ಲಿದೆ. ಶರಣರು ನಡೆದ ದಾರಿಯೂ ಏಳು ಶತಮಾನಗಳ ತರುವಾಯ ಕಿತ್ತೂರಿನವರು ಹೋರಾಡಿದ ಸೀಮೆಯೂ ಒಂದೇ ಆಗಿರುವುದು ಗಮನಾರ್ಹ. ಬಿ. ಪುಟ್ಟಸ್ವಾಮಯ್ಯನವರು ‘ಕ್ರಾಂತಿ ಕಲ್ಯಾಣ’ವೇ ಮೊದಲಾದ ಕಾದಂಬರಿಗಳ ಮಾಲೆಯಲ್ಲಿ ಕಲ್ಯಾಣದ ಯುಗವನ್ನು ಚಿತ್ರಿಸಿದರು, ‘ಕ್ರಾಂತಿ ಕಲ್ಯಾಣ’ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಹೊತ್ತೊಯ್ಯುವವರ ತಲೆಯ ಮೇಲಿನ ಓಲೆಯ ಕಟ್ಟು ಇಲ್ಲಿ ಸ್ಮರಣೀಯ. ರಾಜ್ಯವನ್ನು ಉಳಿಸಲಾಗದ ಕಾಲದಲ್ಲಿ ನುಡಿಯನ್ನು ಉಳಿಸಿದುದೂ ಪ್ರತಿರೋಧವೇ.

ಇಷ್ಟರಿಂದ ಇಂತಹ ಕಾದಂಬರಿಗಳನ್ನು ಓದುವ ವಿದ್ಯಾರ್ಥಿಗಳು ಕೇಳಬೇಕಾದ ಮೂರು ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ದಾಖಲೆ ಮಾತಾಡಿರುವಲ್ಲಿ ಲೇಖಕನು ಅದನ್ನು ಕೇಳಿದ್ದಾನೆಯೆ? ದಾಖಲೆ ಮೌನವಾಗಿರುವಲ್ಲಿ ಅವನು ತುಂಬಿದ ಕಲ್ಪನೆ ಆ ಕಾಲದ ನಡೆನುಡಿಗೆ ಹೊಂದುತ್ತದೆಯೆ? ಆಕೆಯ ಶೌರ್ಯವನ್ನು ಹೇಳಲು ಆಕೆಯನ್ನು ಗಂಡಾಗಿ ಮಾಡಿದ್ದಾನೆಯೋ, ಆಕೆಯಾಗಿಯೇ ಉಳಿಸಿದ್ದಾನೆಯೋ? ಮೂರನೆಯ ಪ್ರಶ್ನೆ ಸಣ್ಣದಲ್ಲ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ, ಪೋರ್ಚುಗೀಸರಿಗೆ ಮಣಿಯದ ಉಳ್ಳಾಲದ ರಾಣಿಯನ್ನು ಕಂಡನು. ಅವನ ಕಣ್ಣಿಗೆ ಬಿದ್ದುದು ಕವಚ ತೊಟ್ಟ ರೂಪವಲ್ಲ. ಬರಿಗಾಲಿನಲ್ಲಿ, ಸಾಮಾನ್ಯ ಹತ್ತಿಯ ವಸ್ತ್ರವನ್ನುಟ್ಟು, ತಾನು ತೋಡಿಸುತ್ತಿದ್ದ ನೀರಿನ ಕಾಲುವೆಯನ್ನು ನೋಡಲು ನಡೆದುಬರುತ್ತಿದ್ದ ಒಡತಿಯ ರೂಪ. ಯಾವ ಕಲ್ಪನೆಯೂ ಇದಕ್ಕಿಂತ ಗಾಢವಾದ ಚಿತ್ರವನ್ನು ಕೊಡಲಾರದು. ಹೊಲಕ್ಕೆ ನೀರು ತರುವ ಆಕೆಯೇ ಆ ಹೊಲಕ್ಕಾಗಿ ಶತ್ರುವನ್ನು ಎದುರಿಸಿದವಳು.

ಅಲಂಕರಿಸಿದ ಸುಳ್ಳು ಸತ್ತವರಿಗೆ ಮಾಡುವ ಗೌರವವಲ್ಲ. ಓಬವ್ವನಿಗೆ ಒನಕೆ ಸಾಕು, ಚೆನ್ನಮ್ಮಾಜಿಗೆ ಕೊಟ್ಟ ಮಾತು ಸಾಕು, ಬೈಲಹೊಂಗಲದ ಸೆರೆಯಾಳಿಗೆ ಆ ನಾಲ್ಕು ವರ್ಷಗಳು ಸಾಕು. ಶಿವಗಂಗೆಯ ಶಿಖರದಲ್ಲಿ ಶಾಂತಲೆಯ ಹೆಸರನ್ನು ಕೇಳಿ ತಲೆಬಾಗುವ ಯಾತ್ರಿಕನು, ಕಲ್ಲು ಹೇಳಿದುದೆಷ್ಟು, ಜನ ಹೇಳಿದುದೆಷ್ಟು ಎಂಬುದನ್ನು ತಿಳಿದು ತಲೆಬಾಗಿದರೆ ಅವನ ಭಕ್ತಿಗೆ ಊನವಿಲ್ಲ. ಕಾದಂಬರಿಯ ಓದುಗನಿಗೂ ಇದೇ ಮಾತು ಸಲ್ಲುತ್ತದೆ. ಕೋಟೆಯ ಬಾಗಿಲಲ್ಲಿ ಬಿದ್ದವರ ಕಥೆ ಕನ್ನಡದಲ್ಲಿ ಬಂದಿದೆ. ಕೋಟೆ ಬಿದ್ದ ಮೇಲೆ ಒಲೆಯನ್ನೂ ಓಲೆಯನ್ನೂ ಕಾಪಾಡಿಕೊಂಡು ಬಾಳಿದವರ ಕಥೆ ಇನ್ನೂ ಬರಬೇಕಾಗಿದೆ.