ರೀಲಿನಿಂದ ಫೋನಿಗೆ ಬಂದ ಕನ್ನಡ ಅಕ್ಷರ

ಅಕ್ಷರಕ್ಕೂ ಕ್ಯಾಮೆರಾ ರೀಲಿಗೂ ಏನು ಸಂಬಂಧ ಎಂದು ಕೇಳಿದರೆ ಹಳೆಯ ಮುದ್ರಣಾಲಯದವರು ನಕ್ಕಾರು. ಸೀಸದ ಮೊಳೆಗಳು ಹಿಂದೆ ಸರಿದು ಕಂಪ್ಯೂಟರ್ ಇನ್ನೂ ಮೇಜಿಗೆ ಬಾರದಿದ್ದ ನಡುಗಾಲದಲ್ಲಿ ಅಕ್ಷರವೆಂದರೆ ನೆಗೆಟಿವ್. ಫೋಟೊಟೈಪ್‌ಸೆಟಿಂಗ್ ಯಂತ್ರವು ಒಂದೊಂದು ಅಕ್ಷರದ ನೆಗೆಟಿವ್ ಮೂಲಕ ಬೆಳಕು ಹಾಯಿಸಿ, ಲೆನ್ಸಿನಿಂದ ಹಿಗ್ಗಿಸಿ ಕುಗ್ಗಿಸಿ, ಫೋಟೊ ಕಾಗದದ ಮೇಲೆ ಸಾಲು ಕಟ್ಟುತ್ತಿತ್ತು. ಕಾಗದ ತೊಳೆದ ಮೇಲೆಯೇ ಓದಲು ಸಿಗುತ್ತಿದ್ದುದು. ಬೆಳಕಿಗೆ ಹರಡಿಕೊಳ್ಳುವ ಚಾಳಿ ಇರುವುದರಿಂದ ಚೂಪು ಮೂಲೆಗಳು ಮೊಂಡಾಗುತ್ತಿದ್ದವು. ಅದಕ್ಕೇ ಅಕ್ಷರ ವಿನ್ಯಾಸಕಾರರು ಮೂಲಚಿತ್ರದಲ್ಲಿ ಮೂಲೆಗಳನ್ನು ಬೇಕಂತಲೇ ಅತಿಯಾಗಿ ಚೂಪು ಮಾಡುತ್ತಿದ್ದರು. ಮಾನೊಟೈಪ್ ಕಂಪನಿಯಲ್ಲಿ ಭಾರತೀಯ ಲಿಪಿಗಳ ಮೇಲೆ ದುಡಿದ ಕಿನ್ನಿಕಂಬಳದ ಕೆ.ಪಿ. ರಾವ್ ಅವರೇ ಮುಂದೆ ಕನ್ನಡಕ್ಕೊಂದು ಕೀಲಿಮಣೆ ವಿನ್ಯಾಸ ಕೊಟ್ಟರು. ‘ನುಡಿ’ ತಂತ್ರಾಂಶದಲ್ಲಿ ನಾವು ಕುಟ್ಟುವುದು ಅದರ ಮೇಲೇ.

ವೆಬ್ ಫಾಂಟಿನ ಕಥೆ ತೀರಾ ಈಚಿನದು. 1991ರಲ್ಲೇ ಕನ್ನಡ ಯುನಿಕೋಡಿಗೆ ಸೇರಿದರೂ, ಬಹುಕಾಲ ಕನ್ನಡದ ಜಾಲತಾಣ ತೆರೆದರೆ ‘ಮೊದಲು ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ ಎದುರಾಗುತ್ತಿತ್ತು. ಇಳಿಸಿಕೊಳ್ಳದಿದ್ದರೆ ಅರ್ಥವಾಗದ ಗುರುತುಗಳ ಸಂತೆ. ಪುಟದ ಬೆನ್ನಿಗೇ ಫಾಂಟನ್ನೂ ಕಳಿಸಿಬಿಡುವ ಆಲೋಚನೆ, ವೆಬ್ ಪುಟದ ರೂಪ ನಿರ್ಧರಿಸುವ 1998ರ ಸಿಎಸ್‌ಎಸ್2 ನಿಯಮದಲ್ಲಿತ್ತು. ಅದಕ್ಕೆಂದೇ ರೂಪಿಸಿದ ‘ವಾಫ್’ ಎಂಬ ಕಡತಕ್ಕೆ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮುದ್ರೆ ಬಿದ್ದದ್ದು 2012ರಲ್ಲಿ, ಇನ್ನೂ ಬಿಗಿಯಾಗಿ ಮಡಚಿಕೊಳ್ಳುವ ‘ವಾಫ್2’ಗೆ 2018ರಲ್ಲಿ.

ಇಂಗ್ಲಿಷಿನ ವೆಬ್ ವಿನ್ಯಾಸಕಾರನಿಗೆ ಇಷ್ಟು ಸಾಕು. ಕನ್ನಡದವನಿಗೆ ಕೆಲಸ ಶುರುವಾಗುವುದೇ ಇಲ್ಲಿಂದ. ಯುನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು 128. ಫಾಂಟಿನೊಳಗೆ ಬಿಡಿಸಬೇಕಾದ ಆಕಾರಗಳು ನೂರಾರು. ಗುಡಿಸು ತಗುಲಿದರೆ ತಲೆಕಟ್ಟಿನ ಆಕಾರವೇ ಬದಲಾಗುತ್ತದೆ, ಕೊಂಬು ಬಲಕ್ಕೆ ಜಾಗ ಕೇಳುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ ಎಂಬಲ್ಲಿ ಷಕಾರಕ್ಕೆ ಟ ಒತ್ತು, ಅದಕ್ಕಂಟಿಕೊಂಡು ರ ಒತ್ತು. ಇಂಗ್ಲಿಷಿಗೆ ಅಳತೆ ಮಾಡಿಟ್ಟ ಸಾಲಿನ ಅಂತರದಲ್ಲಿ ಇದನ್ನು ಕೂರಿಸಿದರೆ ಒತ್ತು ಕೆಳಸಾಲಿನ ತಲೆಗೆ ಬಡಿಯುತ್ತದೆ. ಬಟನ್ನಿನೊಳಗಾದರೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಸರ್ಕಾರಿ ಜಾಲತಾಣಗಳಲ್ಲೂ ಇದನ್ನು ಕಾಣಬಹುದು. ಇನ್ನು ಅರ್ಕಾವತ್ತು: ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಕುಟ್ಟುತ್ತೇವೆ, ಅದು ಯಕಾರದ ಆಚೆಗೆ ಹೋಗಿ ಕೂರುತ್ತದೆ. ಆದರೆ ‘ರ‍್ಯಾಂಕ್’ ಬರೆಯುವಾಗ ಅದು ಹಾಗೆ ಹೋಗಬಾರದು. ತಡೆಯಲು ಕಣ್ಣಿಗೆ ಕಾಣದ ಒಂದು ಜೋಡಕವನ್ನು ನಡುವೆ ಸೇರಿಸಬೇಕು. ಸೇರಿಸದೆ ಅಚ್ಚಾದ ‘ರ್ಯಾಂಕ್’ ಫಲಿತಾಂಶದ ದಿನ ಊರೂರಿನ ಫ್ಲೆಕ್ಸುಗಳಲ್ಲಿ ತೂಗಾಡುತ್ತದೆ. ಈ ಹೋಗು–ನಿಲ್ಲುಗಳನ್ನೆಲ್ಲ ನಿಯಮವಾಗಿ ಬರೆದು ಫಾಂಟಿನ ಹೊಟ್ಟೆಯೊಳಗಿಡುವುದೇ ಈ ಕಸುಬಿನ ಅರ್ಧ ಪಾಲು. ಕಡತ ಹಗುರಾಗಲೆಂದು ಬೇಡವೆನಿಸಿದ ಆಕಾರಗಳನ್ನು ಕಿತ್ತರೆ, ಎಲ್ಲೋ ಒಂದು ಒತ್ತು ಕಳಚಿ ಬೀಳುತ್ತದೆ.

ಈಗ ಉಚಿತವಾಗಿ ಸಿಗುವ ಕನ್ನಡ ವೆಬ್ ಫಾಂಟುಗಳು ಕಡಿಮೆಯಿಲ್ಲ. ಜಾನ್ ಹ್ಯಾರಿಂಗ್ಟನ್ ಅವರ ‘ಬೆಣ್ಣೆ’ 19ನೇ ಶತಮಾನದ ಸೀಸದ ಮೊಳೆಗಳನ್ನು ನೋಡಿ ಬರೆದದ್ದು. ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯ ಸಲಿಗೆಯ ಬರಹ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ಬಿಡಿಸಿದ ‘ಅಕಾಯ ಕನ್ನಡಕ’ಕ್ಕೆ ಕೈಬರಹದ ಬೀಸು ಇದೆ. ನನಗೆ ‘ಬೆಣ್ಣೆ’ಯೇ ಹೆಚ್ಚು ಇಷ್ಟ, ಹಳೆಯ ಪಠ್ಯಪುಸ್ತಕದ ನೆನಪು ಅದಕ್ಕೆ ಕಾರಣವಿದ್ದರೂ ಇರಬಹುದು.

ಆದರೆ ಕಲಬುರಗಿ ಜಿಲ್ಲೆಯ ಕಾಳಗಿ ಕಡೆಯವರಿಗೆ ಸೀಸದ ಮೊಳೆಗಿಂತಲೂ ಹಿಂದಕ್ಕೆ ಹೋಗುವ ಅನುಕೂಲವಿದೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. ಅಲ್ಲಿಯ, ಚಾಲುಕ್ಯರ ಕಾಲದ 1058ರ ಶಾಸನ ಪುಸ್ತಕ ಭಂಡಾರ ನೋಡಿಕೊಳ್ಳುವ ಆರು ಮಂದಿ ಸರಸ್ವತಿ ಭಂಡಾರಿಗರ ಲೆಕ್ಕ ಕೊಡುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇದೆ. ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ, ನಾವು ಮನೆಗೆ ಫರ್ಸಿ ಹಾಸುವ ಶಹಾಬಾದ್ ಸೀಮೆಯ ಸುಣ್ಣಕಲ್ಲಿನ ಫಲಕದ ಮೇಲೆ ಅಶೋಕನ ಹೆಸರು ಬ್ರಾಹ್ಮಿಯಲ್ಲಿದೆ.

ಶಾಸನದಿಂದ ಫಾಂಟ್ ಎತ್ತಬೇಕೆನ್ನುವವನಿಗೆ ರೀಲಿನ ಕ್ಯಾಮೆರಾ ಒಳ್ಳೆಯ ಜೊತೆಗಾರ. ನೆತ್ತಿಯ ಬಿಸಿಲಲ್ಲಿ ಕಲ್ಲು ಸಪಾಟಾಗಿ ಕಾಣುತ್ತದೆ. ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಇಳಿಹೊತ್ತಿನಲ್ಲಿ ಉಳಿಯ ಏಟುಗಳು ಒಂದೊಂದಾಗಿ ನೆರಳು ಹಿಡಿಯುತ್ತವೆ. ಫೋನು ಅಂಚುಗಳನ್ನು ತಾನೇ ತಿದ್ದಿ ಚೂಪು ಮಾಡಿಕೊಡುತ್ತದೆ. ಕಪ್ಪು–ಬಿಳುಪು ರೀಲಿಗೆ ಆ ಉಪಕಾರಬುದ್ಧಿ ಇಲ್ಲ. ಸವೆದ ಅಂಚು ಸವೆದಂತೆಯೇ ಬರುತ್ತದೆ. ಫಿಲ್ಮೇ ಆಗಬೇಕೆಂದೇನೂ ಇಲ್ಲ ಎನ್ನಿ. ಆದರೂ ಒಂದು ರೀಲಿಗೆ 36 ಫ್ರೇಮು ಎಂಬ ಲೆಕ್ಕ, ಯಾವ ಅಕ್ಷರ ಹಿಡಿಯಬೇಕೆಂದು ಮೊದಲೇ ಯೋಚಿಸುವಂತೆ ಮಾಡುತ್ತದೆ. ತೊಳೆದ ನೆಗೆಟಿವನ್ನು ಸ್ಕ್ಯಾನ್ ಮಾಡಿ, ಫಾಂಟ್‌ಫೋರ್ಜ್‌ನಂಥ ಉಚಿತ ತಂತ್ರಾಂಶದಲ್ಲಿ ಅಕ್ಷರದ ಅಂಚಿಗೆ ಬಿಂದುಗಳನ್ನು ನೆಟ್ಟು ಗೆರೆ ಬಾಗಿಸಬೇಕು. ಒಂದೇ ಶಾಸನದ ಹತ್ತು ‘ಮ’ಗಳು ಹತ್ತು ಥರ ಇರುತ್ತವೆ. ಯಾವುದನ್ನು ಆರಿಸಬೇಕೆಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ.

ಹಳಗನ್ನಡದ ಱ, ೞ ಕಲ್ಲಿನಲ್ಲೇ ಸಿಗುತ್ತವೆ, ಅವಕ್ಕೆ ಯುನಿಕೋಡಿನಲ್ಲಿ ಮನೆಯೂ ಇದೆ. ಕಲ್ಲಿನಲ್ಲಿ ಸಿಗದವು ಬೇರೆ: ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, 2010ರಲ್ಲಿ ಬಂದ ರೂಪಾಯಿ ಗುರುತು, ಮತ್ತೆ ಅದೇ ‘ರ‍್ಯಾ’. ಇವನ್ನು ಚಾಲುಕ್ಯರ ಕಾಲದ ಕಲ್ಲುಕುಟಿಗ ಹೇಗೆ ಕೆತ್ತುತ್ತಿದ್ದ ಎಂದು ಊಹಿಸಿ, ವಿನ್ಯಾಸಕಾರ ತಾನೇ ಬಿಡಿಸಬೇಕು.