ಮುಗಿಯದ ಆಟಕ್ಕೆ ಎಷ್ಟು ಗಡುವು?

ಡಂಬಳದ ಕಡೆ ಗೋಡೆಗೆ ಗಿಲಾವು ಆಗುವ ಮೊದಲೇ ಕೆಲವರು ಗೃಹಪ್ರವೇಶ ಮಾಡುವುದುಂಟು. ಗಣಕಯಂತ್ರದ ವಿಡಿಯೋ ಆಟಗಳಲ್ಲಿಯೂ ಇಂಥದೇ ಪದ್ಧತಿಯಿದೆ. ಅದಕ್ಕೆ ‘ಅರ್ಲಿ ಆಕ್ಸೆಸ್’ ಎಂದು ಹೆಸರು. ಆಟವನ್ನು ಅರ್ಧದಲ್ಲೇ ಮಾರಿ, ಬಂದ ಹಣದಿಂದಲೂ ಆಡಿದವರ ಸಲಹೆಯಿಂದಲೂ ಅದನ್ನು ಪೂರೈಸುತ್ತಾರೆ. ಸ್ಟೀಮ್ ಎಂಬ ಮಾರಾಟತಾಣ 2013ರಲ್ಲಿ ಇದಕ್ಕೊಂದು ವಿಭಾಗ ತೆರೆಯಿತು.

‘ಹೇಡಿಸ್’ 2018ರ ಡಿಸೆಂಬರಿನಿಂದ 2020ರ ಸೆಪ್ಟೆಂಬರಿನವರೆಗೆ, ‘ಬಾಲ್ಡರ್ಸ್ ಗೇಟ್ 3’ 2020ರ ಅಕ್ಟೋಬರಿನಿಂದ 2023ರ ಆಗಸ್ಟಿನವರೆಗೆ ಹೀಗಿದ್ದು, ಪೂರ್ಣಗೊಂಡು ಮೆಚ್ಚುಗೆ ಪಡೆದವು. 2013ರಲ್ಲಿ ಬಂದ ‘ಡೇ-ಝೀ’ ಮುಗಿಯಲು ಐದು ವರ್ಷ ಹಿಡಿಯಿತು. ಕಾದವರಲ್ಲಿ ಅನೇಕರು ಬೇಸತ್ತರು.

ಎರಡು-ಮೂರು ವರ್ಷ ಒಪ್ಪತಕ್ಕ ಅವಧಿ ಎನ್ನಬಹುದು. ಆದರೆ ಅವಧಿಗಿಂತ ಮುಖ್ಯವಾದುದು, ಕೆಲಸ ಕಣ್ಣಿಗೆ ಕಾಣುವಂತೆ ಸಾಗಿದೆಯೇ ಎಂಬುದು. ತಯಾರಕರು ನಡುವೆಯೇ ಕೈಬಿಡುವುದೂ ಉಂಟು. ಆದ್ದರಿಂದ ಮಕ್ಕಳು ಇಂಥ ಆಟ ಕೇಳಿದಾಗ ಪಾಲಕರು ನಾಳೆಯ ಭರವಸೆಗಲ್ಲ, ಇಂದು ಇರುವಷ್ಟಕ್ಕೇ ಬೆಲೆ ಕಟ್ಟಬೇಕು.